ನೋವಿಗೆ ಮೆಂಥಾಲ್ ಹಚ್ಚಿದಾಗ ಚರ್ಮದಲ್ಲಿ ಆಗುವುದೇನು?

ಮೆಂಥಾಲ್ ಇರುವ ಮುಲಾಮನ್ನು ಮುಂಗೈಗೆ ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಚರ್ಮದ ಉಷ್ಣತೆ ಅಳೆದು ನೋಡಿ. ಮಂಜುಗಡ್ಡೆ ಮುಟ್ಟಿಸಿದ ಹಾಗೆ ಅನ್ನಿಸುತ್ತಿದ್ದರೂ ಅಳತೆಯಲ್ಲಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಜೆಲ್ ಅಥವಾ ಸ್ಪ್ರೇ ಆದರೆ ಅದರಲ್ಲಿರುವ ಆಲ್ಕೋಹಾಲ್ ಆರುವಾಗ ಒಂದಿಷ್ಟು ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಅಷ್ಟರ ಮಟ್ಟಿಗೆ ಚರ್ಮ ನಿಜವಾಗಿಯೂ ತಣ್ಣಗಾಗುತ್ತದೆ. ಅದು ಆರಿಹೋದ ಮೇಲೂ ಉಳಿಯುವ ತಂಪಿದೆಯಲ್ಲ, ಅದು ನರಗಳು ಮಿದುಳಿಗೆ ಹೇಳುತ್ತಿರುವ ಸುಳ್ಳು.

ಉಪಯುಕ್ತವಾದ ಸುಳ್ಳೇ. ಕತ್ತು ಹಿಡಿದುಕೊಂಡಾಗ, ಮೀನಖಂಡ ಬಿಗಿದಾಗ, ಅಭ್ಯಾಸವಿಲ್ಲದ ಕೆಲಸ ಮಾಡಿ ಸೊಂಟ ನೋಯುವಾಗ ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವ ಮುಲಾಮು, ಜೆಲ್, ಸ್ಪ್ರೇ, ಚರ್ಮಕ್ಕೆ ಅಂಟಿಸುವ ಪಟ್ಟಿಗಳಲ್ಲಿ ಬಹುಪಾಲಿನ ಬಲ ಇದೇ. ಮೆಂಥಾಲ್ ಗಾಯ ಮಾಗಿಸುವುದಿಲ್ಲ, ಊತ ಇಳಿಸುವುದಿಲ್ಲ, ಸ್ನಾಯುವನ್ನು ರಿಪೇರಿ ಮಾಡುವುದಿಲ್ಲ. ಅದು ನೋವಿನ ಸುದ್ದಿ ಮಿದುಳಿಗೆ ಮುಟ್ಟುವ ದಾರಿಯಲ್ಲಿ ಒಂದಷ್ಟು ಹೊತ್ತು ಅಡ್ಡ ನಿಲ್ಲುತ್ತದೆ. ಎಷ್ಟು ಹಚ್ಚಬೇಕು, ಯಾಕೆ ಮೇಲೆ ಬಿಸಿನೀರಿನ ಚೀಲ ಇಡಬಾರದು, ಯಾವಾಗ ಡಬ್ಬಿ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಬೇಕು ಎಂಬುದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ತಂಪಿನ ಬಾಗಿಲು

ಮೆಂಥಾಲ್ ಪುದೀನ ಜಾತಿಯ ಗಿಡಗಳ ಎಣ್ಣೆಯಲ್ಲಿರುವ ವಸ್ತು. ಶುದ್ಧ ರೂಪದಲ್ಲಿ ಬಣ್ಣವಿಲ್ಲದ ಸೂಜಿಯಂಥ ಹರಳು, ಸುಮಾರು 42–44 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಯುರೋಪಿನಲ್ಲಿ 1771ರಲ್ಲಿ ಗೌಬಿಯಸ್ ಎಂಬ ವೈದ್ಯ ಇದನ್ನು ಪುದೀನದೆಣ್ಣೆಯಿಂದ ಬೇರ್ಪಡಿಸಿದ. ಈಗ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಗಿಡದಿಂದ ಬಂದದ್ದೋ ಕಾರ್ಖಾನೆಯದ್ದೋ, ಅಣು ಒಂದೇ ಆದರೆ ಚರ್ಮಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ನೈಸರ್ಗಿಕ’ ಎಂದು ಬರೆದಿದ್ದರೆ ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹರಳು ಚರ್ಮದ ಮೇಲೆ ಮಾಡುವ ಕೆಲಸ ಏನೆಂದು ಸ್ಪಷ್ಟವಾಗಿ ಗೊತ್ತಾದದ್ದು ತೀರಾ ಇತ್ತೀಚೆಗೆ, 2002ರಲ್ಲಿ. ಚರ್ಮದಲ್ಲಿ ಹರಡಿಕೊಂಡ ನರಗಳ ತುದಿಗಳಲ್ಲಿ ಉಷ್ಣತೆಯನ್ನು ಗುರುತಿಸುವ ಪ್ರೋಟೀನುಗಳಿವೆ. ಅವುಗಳಲ್ಲಿ ಟಿಆರ್‌ಪಿಎಂ8 ಎಂಬುದು ತಂಪಿನ ಬಾಗಿಲು. ಚರ್ಮದ ಉಷ್ಣತೆ ಸುಮಾರು 25ರಿಂದ 28 ಡಿಗ್ರಿಗಿಂತ ಕೆಳಗಿಳಿದರೆ ಅದು ತೆರೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಮತ್ತು ಸೋಡಿಯಂ ಅಯಾನುಗಳು ನರದ ಒಳಕ್ಕೆ ನುಗ್ಗುತ್ತವೆ, ‘ತಣ್ಣಗಿದೆ’ ಎಂಬ ಸುದ್ದಿ ಹೊರಡುತ್ತದೆ. ಮೆಂಥಾಲ್ ಇದೇ ಪ್ರೋಟೀನಿಗೆ ಅಂಟಿಕೊಂಡು ಬಾಗಿಲು ತೆರೆಯುವ ಮಟ್ಟವನ್ನೇ ಮೇಲಕ್ಕೆತ್ತಿಬಿಡುತ್ತದೆ. ಮಾಮೂಲಿ ಬೆಚ್ಚಗಿರುವ ಚರ್ಮದಲ್ಲೂ ಬಾಗಿಲು ತೆರೆದೇ ಇರುತ್ತದೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರೂ ತಮ್ಮ ತಮ್ಮ ಪ್ರಯೋಗಾಲಯಗಳಲ್ಲಿ ಮೆಂಥಾಲನ್ನೇ ಸಾಧನವಾಗಿ ಬಳಸಿ ಈ ಪ್ರೋಟೀನನ್ನು ಗುರುತಿಸಿದರು. ಉಷ್ಣತೆ ಮತ್ತು ಸ್ಪರ್ಶವನ್ನು ಗುರುತಿಸುವ ಇಂಥ ಪ್ರೋಟೀನುಗಳ ಮೇಲಿನ ಕೆಲಸಕ್ಕೆ 2021ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ಅದಕ್ಕೂ ಮುಂಚೆ, 1997ರಲ್ಲಿ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಯಾವ ಪ್ರೋಟೀನನ್ನು ತಟ್ಟಿ ಉರಿ ಎಬ್ಬಿಸುತ್ತದೆ ಎಂದು ಜೂಲಿಯಸ್ ತಂಡ ಕಂಡುಹಿಡಿದಿತ್ತು. ಆ ಪ್ರೋಟೀನು ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆಯುವಂಥದ್ದು. ಖಾರ ತಿಂದರೆ ಬಾಯಿ ‘ಸುಡುವುದು’, ಪುದೀನ ಜಗಿದರೆ ‘ತಣ್ಣಗಾಗುವುದು’ ಎರಡೂ ಒಂದೇ ಬಗೆಯ ಮೋಸ.

ಸರಿ, ತಂಪು ಅನ್ನಿಸಿತು. ನೋವು ಯಾಕೆ ಕಡಿಮೆಯಾಗಬೇಕು?

ಕಾಲು ಮಂಚಕ್ಕೆ ಬಡಿದ ತಕ್ಷಣ ಯಾರೂ ಹೇಳಿಕೊಡದೆ ನಾವು ಆ ಜಾಗವನ್ನು ಉಜ್ಜುತ್ತೇವೆ, ಉಜ್ಜಿದರೆ ನೋವು ಸ್ವಲ್ಪ ಹಗುರಾಗುತ್ತದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಚರ್ಮದಿಂದ ಬರುವ ಸುದ್ದಿಗಳೆಲ್ಲ ಬೆನ್ನುಹುರಿಯಲ್ಲಿ ಒಂದು ಹಂತ ದಾಟಿಯೇ ಮಿದುಳಿಗೆ ಹೋಗಬೇಕು. ಅಲ್ಲಿ ಸ್ಪರ್ಶದಂಥ ಬೇರೆ ಸುದ್ದಿಗಳ ನೂಕುನುಗ್ಗಲಿದ್ದರೆ ನೋವಿನ ಸುದ್ದಿ ಹಾದುಹೋಗುವುದು ಕಡಿಮೆಯಾಗುತ್ತದೆ. ಅವರ ಸಿದ್ಧಾಂತದ ವಿವರಗಳು ಆಮೇಲೆ ಬಹಳ ಪರಿಷ್ಕಾರಗೊಂಡಿವೆ, ಮೂಲ ಎಳೆ ಉಳಿದುಕೊಂಡಿದೆ. ಮೆಂಥಾಲಿನ ತಂಪೂ ಅಂಥದ್ದೇ ಒಂದು ಬೇರೆ ಸುದ್ದಿ. ಇದರ ಜೊತೆಗೆ ಮೆಂಥಾಲಿಗೆ ನರದ ಸೋಡಿಯಂ ವಾಹಿನಿಗಳನ್ನು, ಅಂದರೆ ಸೋಡಿಯಂ ನರದೊಳಕ್ಕೆ ನುಗ್ಗುವ ದಾರಿಗಳನ್ನು, ತಡೆಯುವ ಗುಣವೂ ಇದೆ. ಜೋಮು ಹಿಡಿಸುವ ಅರಿವಳಿಕೆ ಔಷಧಗಳು ಕೆಲಸ ಮಾಡುವುದೂ ಅಲ್ಲಿಯೇ. ಮುಲಾಮು ತಿಕ್ಕುವ ಕೈಯ ಪಾಲನ್ನೂ ಮರೆಯಬಾರದು. ನಿಧಾನವಾಗಿ ನೀವುವುದೇ ಬಿಗಿದ ಸ್ನಾಯುವಿಗೆ ಹಿತ.

ಆದರೆ ಪ್ರಮಾಣ ಏರಿದರೆ ಆಟ ಬದಲಾಗುತ್ತದೆ. ಹೆಚ್ಚು ಗಾಢವಾದ ಮೆಂಥಾಲ್ ತಂಪಿನ ನರಗಳಷ್ಟಕ್ಕೇ ನಿಲ್ಲದೆ ನೋವಿನ ನರಗಳನ್ನೂ ತಟ್ಟುತ್ತದೆ. ನೋವಿನ ಅಧ್ಯಯನ ಮಾಡುವವರು ಸ್ವಯಂಸೇವಕರ ಚರ್ಮಕ್ಕೆ ಶೇ 40ರ ಮೆಂಥಾಲ್ ಹಚ್ಚುವುದು ನೋವನ್ನು ಹುಟ್ಟಿಸಲಿಕ್ಕೇ. ಅದನ್ನು ಹಚ್ಚಿದ ಜಾಗಕ್ಕೆ ಸಾಮಾನ್ಯ ತಣ್ಣನೆಯ ವಸ್ತು ತಗುಲಿದರೂ ನೋಯುತ್ತದೆ. ‘ಇನ್ನೂ ಸ್ಟ್ರಾಂಗ್ ಇದ್ದರೆ ಇನ್ನೂ ಒಳ್ಳೆಯದು’ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಎಷ್ಟು ನಂಬಬಹುದು

ನೇರವಾಗಿ ಹೇಳಬೇಕೆಂದರೆ, ಹಲವರಿಗೆ ಹಿತ ಕೊಡುತ್ತದೆ ಎನ್ನುವುದಕ್ಕೆ ಅನುಭವ ಧಾರಾಳವಾಗಿದೆ, ಗಟ್ಟಿ ಪುರಾವೆ ಅಷ್ಟಿಲ್ಲ. ಇರುವ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು. ಒಂದು ಅಡಚಣೆ ಈ ವಸ್ತುವಿನ ಸ್ವಭಾವದಲ್ಲೇ ಇದೆ. ಔಷಧ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಅಸಲಿ, ಇನ್ನರ್ಧಕ್ಕೆ ಹುಸಿ ಔಷಧ ಕೊಟ್ಟು ಯಾರಿಗೆ ಯಾವುದೆಂದು ತಿಳಿಯದಂತೆ ನೋಡಿಕೊಳ್ಳುತ್ತಾರೆ. ಘಮ್ಮೆನ್ನುವ, ಹಚ್ಚಿದ ಕೂಡಲೇ ಕೊರೆಯುವ ಮುಲಾಮನ್ನು ಯಾರಿಂದ ಬಚ್ಚಿಡಲಾದೀತು? ತನಗೆ ಸಿಕ್ಕಿದ್ದು ಅಸಲಿ ಎಂದು ಗೊತ್ತಾದ ಮನುಷ್ಯನಿಗೆ ಅರ್ಧ ನೋವು ಅಲ್ಲೇ ಕಡಿಮೆಯಾಗಿರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ತಾನಾಗಿ ಕೆಲವು ದಿನದಲ್ಲಿ ಹೋಗುವ ನೋವಿಗೆ, ಆ ಕೆಲವು ದಿನ ಸಹ್ಯವಾಗಲಿ ಎಂದು ಬಳಸುವುದಾದರೆ ಮೆಂಥಾಲ್ ತಕ್ಕದ್ದೇ. ವ್ಯಾಯಾಮ ಮಾಡಿದ ಮರುದಿನದ ಮೈಕೈ ನೋವು, ಅಡ್ಡಾದಿಡ್ಡಿ ಮಲಗಿ ಉಳುಕಿದ ಕತ್ತು, ಭಾರ ಎತ್ತಿ ಹಿಡಿದುಕೊಂಡ ಸೊಂಟ, ಬೆರಳು ಮತ್ತು ಮೊಣಕಾಲಿನ ಹಳೆಯ ಸಂದುನೋವು ಮಧ್ಯೆ ಮಧ್ಯೆ ಕೆರಳಿದಾಗ, ಇವು ಅದರ ವ್ಯಾಪ್ತಿ. ಈಗಷ್ಟೇ ಉಳುಕಿ ಊದುತ್ತಿರುವ ಪಾದದ ಗಂಟಿಗೆ ಅದು ಮಂಜುಗಡ್ಡೆಯ ಬದಲಿಯಲ್ಲ. ಮಂಜುಗಡ್ಡೆ ಒಳಗಿನ ಮಾಂಸಖಂಡದ ಉಷ್ಣತೆಯನ್ನು ನಿಜಕ್ಕೂ ಇಳಿಸುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೆಂಥಾಲಿನದು ತಂಪಿನ ಸುದ್ದಿ ಮಾತ್ರ.

ಡೈಕ್ಲೋಫೆನಾಕ್ ಇರುವ ಜೆಲ್‌ಗಳ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಡೈಕ್ಲೋಫೆನಾಕ್ ಉರಿಯೂತ ತಗ್ಗಿಸುವ ಔಷಧ, ಚರ್ಮ ದಾಟಿ ಕೆಳಗಿನ ಅಂಗಾಂಶಕ್ಕೆ ಇಳಿಯುತ್ತದೆ, ಪರಿಣಾಮ ಕಾಣಲು ಹೊತ್ತು ಹಿಡಿಯುತ್ತದೆ. ಎಷ್ಟೋ ಟ್ಯೂಬ್‌ಗಳಲ್ಲಿ ಎರಡನ್ನೂ ಬೆರೆಸಿರುತ್ತಾರೆ. ಅಂಥದ್ದನ್ನು ಹಚ್ಚಿದ ಕೂಡಲೇ ‘ಆಹಾ’ ಅನ್ನಿಸಿದರೆ ಅದು ಮೆಂಥಾಲಿನ ಕೆಲಸ, ಡೈಕ್ಲೋಫೆನಾಕ್ ಇನ್ನೂ ದಾರಿಯಲ್ಲಿರುತ್ತದೆ. ಆ ಟ್ಯೂಬಿಗೆ ಡೈಕ್ಲೋಫೆನಾಕಿನ ಎಚ್ಚರಿಕೆಗಳೂ ಅನ್ವಯಿಸುತ್ತವೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅದೇ ಹೊತ್ತಿಗೆ ನೋವಿನ ಮಾತ್ರೆಯನ್ನೂ ನುಂಗುತ್ತಿದ್ದರೆ ಫಾರ್ಮಸಿಸ್ಟ್ ಹತ್ತಿರ ಒಂದು ಮಾತು ಕೇಳಬೇಕು.

ಡಬ್ಬಿಯ ಹಿಂಬದಿ

ಮುಂದಿನ ಚಿತ್ರಕ್ಕಿಂತ ಹಿಂದಿನ ಸಣ್ಣ ಅಕ್ಷರ ಮುಖ್ಯ. ನೋಡಬೇಕಾದದ್ದು ಮೂರು ಹೆಸರು: ಮೆಂಥಾಲ್, ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್. ಮೂರನೆಯದನ್ನು ಕೆಲವೆಡೆ ವಿಂಟರ್‌ಗ್ರೀನ್ ಎಣ್ಣೆ ಅಥವಾ ಗಂಧಪುರ ತೈಲ ಎಂದು ಬರೆದಿರುತ್ತಾರೆ. ಮೊದಲು ತಂಪಾಗಿ ಆಮೇಲೆ ಬೆಚ್ಚಗಾಗುವ ಮುಲಾಮುಗಳಲ್ಲಿ ಆ ಬಿಸುಪಿಗೆ ಹೆಚ್ಚಾಗಿ ಕಾರಣ ಇವೇ ಇನ್ನೆರಡು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಚೀಟಿಯಿಲ್ಲದ ನೋವಿನ ಮುಲಾಮುಗಳಿಗೆ ಇಟ್ಟುಕೊಂಡಿರುವ ಮಿತಿಗಳು ಒಂದು ಅಂದಾಜು ಕೊಡುತ್ತವೆ. ಮೆಂಥಾಲ್ ಶೇ 1.25ರಿಂದ 16, ಕರ್ಪೂರ ಶೇ 3ರಿಂದ 11, ಮೀಥೈಲ್ ಸ್ಯಾಲಿಸಿಲೇಟ್ ಶೇ 10ರಿಂದ 60. ಶೇ 1 ಮತ್ತು ಅದಕ್ಕಿಂತ ಕಡಿಮೆ ಮೆಂಥಾಲ್ ಇದ್ದರೆ ಅದು ತುರಿಕೆಗೆ ಹಚ್ಚುವ ಲೋಶನ್ ಸಾಲಿಗೆ ಸೇರುತ್ತದೆ. ಬೇರೆ ಬೇರೆ ದೇಶಗಳ ನಿಯಮ ಬೇರೆಯಿರಬಹುದು, ಆದರೆ ಚರ್ಮ ಎಲ್ಲ ಕಡೆಯೂ ಒಂದೇ. ಮೊದಲ ಸಲ ಕೊಳ್ಳುವವರು ಈ ಸಾಲಿನ ಕೆಳತುದಿಯಲ್ಲಿರುವುದನ್ನು ಆರಿಸಿಕೊಳ್ಳುವುದು ಜಾಣತನ. ಶೇ 16ರ ಡಬ್ಬಿಯಿಂದ ಶುರು ಮಾಡಲು ನನಗಂತೂ ಯಾವ ಕಾರಣವೂ ಕಾಣುವುದಿಲ್ಲ.

ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. 2012ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಒಂದು ಪ್ರಕಟಣೆ ಹೊರಡಿಸಿತು. ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್ ಅಥವಾ ಕ್ಯಾಪ್ಸೈಸಿನ್ ಇರುವ ನೋವಿನ ಮುಲಾಮು ಮತ್ತು ಪಟ್ಟಿಗಳಿಂದ ಚರ್ಮ ಸುಟ್ಟ 43 ಪ್ರಕರಣಗಳು ಅದರ ಗಮನಕ್ಕೆ ಬಂದಿದ್ದವು. ಸೌಮ್ಯ ಕೆಂಪಿನಿಂದ ಹಿಡಿದು ಆಳವಾದ ಸುಟ್ಟಗಾಯದವರೆಗೆ. ಕೋಟ್ಯಂತರ ಬಳಕೆಯಲ್ಲಿ ಇದು ಅಪರೂಪವೇ ಸರಿ. ಆದರೆ ಎರಡು ವಿವರ ಗಮನಿಸಬೇಕು. ತೀವ್ರವಾದ ಪ್ರಕರಣಗಳು ಹೆಚ್ಚಾಗಿ ಮೆಂಥಾಲ್ ಶೇ 3ಕ್ಕಿಂತ ಅಥವಾ ಮೀಥೈಲ್ ಸ್ಯಾಲಿಸಿಲೇಟ್ ಶೇ 10ಕ್ಕಿಂತ ಹೆಚ್ಚಿದ್ದವುಗಳಿಂದ ಆಗಿದ್ದವು. ಮತ್ತು ಹಲವರಿಗೆ ಒಂದೇ ಒಂದು ಸಲ ಹಚ್ಚಿದ್ದಕ್ಕೇ, 24 ಗಂಟೆಯೊಳಗೆ, ಹೀಗಾಗಿತ್ತು.

ಹಚ್ಚಿದಾಗ ಒಂದಿಷ್ಟು ಚುರುಚುರು, ತಂಪು ಅಥವಾ ಬೆಚ್ಚಗೆ ಅನ್ನಿಸುವುದು ಸಹಜ. ನಿಜವಾಗಿ ನೋಯಲು ಶುರುವಾದರೆ, ಚರ್ಮ ಊದಿದರೆ, ಬೊಬ್ಬೆ ಎದ್ದರೆ ಅದು ‘ಔಷಧ ಹಿಡಿಯುತ್ತಿದೆ’ ಎಂಬ ಲಕ್ಷಣವಲ್ಲ. ಹಲ್ಲು ಕಚ್ಚಿಕೊಂಡು ಕೂರದೆ ಕೂಡಲೇ ಬಟ್ಟೆಯಲ್ಲಿ ಒರೆಸಿ, ಸಾಬೂನು ಹಾಕಿ ತಣ್ಣೀರಿನಲ್ಲಿ ತೊಳೆದು, ಡಾಕ್ಟರಿಗೆ ತೋರಿಸಬೇಕು.

ಹಚ್ಚುವ ಬಗೆ

ಮೊದಲ ಸಲವಾದರೆ ಮೊಣಕೈ ಒಳಬದಿಗೆ ಚುಕ್ಕೆಯಷ್ಟು ಸವರಿ ಒಂದು ದಿನ ಬಿಟ್ಟು ನೋಡಿ. ಕೆಂಪಾಗದಿದ್ದರೆ, ನೋಯುವ ಜಾಗದ ಚರ್ಮ ಒಣಗಿದೆಯೇ, ಗೀರು-ಗಾಯ ಇಲ್ಲವೇ ಎಂದು ಖಚಿತಪಡಿಸಿಕೊಳ್ಳಿ. ಆಗತಾನೇ ಕ್ಷೌರ ಮಾಡಿದ ಅಥವಾ ಬಿಸಿಲಿಗೆ ಸುಟ್ಟ ಚರ್ಮವೂ ಬೇಡ. ಬೆರಳ ತುದಿಯಲ್ಲಿ ಸ್ವಲ್ಪವೇ ತೆಗೆದು, ತೆಳುವಾಗಿ ಹರಡಿ, ಮುಲಾಮು ಕಣ್ಣಿಗೆ ಕಾಣದಷ್ಟಾಗುವ ತನಕ ನೀವಬೇಕು. ಬಿಳಿ ಪದರ ಮೇಲೆ ಉಳಿದಿದ್ದರೆ ಹೆಚ್ಚಾಯಿತು ಎಂದೇ ಅರ್ಥ.

ಇನ್ನು ಬಿಸಿಯ ವಿಷಯ. ನೋವು ಕಂಡರೆ ಒಂದು ಕಡೆ ಮುಲಾಮು ಹಚ್ಚಿ ಮೇಲೆ ಶಾಖ ಕೊಡುವುದು ಬಹಳ ಮಂದಿಗೆ ತೀರಾ ಸಹಜವಾಗಿ ತೋರುತ್ತದೆ. ಇದೊಂದನ್ನು ಮಾತ್ರ ಮಾಡಲೇಬಾರದು. ಬಿಸಿಗೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಮುಲಾಮಿನ ಅಂಶಗಳು ಗಮನಾರ್ಹವಾಗಿ ಹೆಚ್ಚು ಒಳಗಿಳಿಯುತ್ತವೆ. ಮೆಂಥಾಲಿನ ತಂಪಿನಿಂದ ಮಂಕಾದ ಚರ್ಮಕ್ಕೆ ಚೀಲ ಎಷ್ಟು ಬಿಸಿಯಿದೆ ಎಂಬುದೂ ಸರಿಯಾಗಿ ತಿಳಿಯುವುದಿಲ್ಲ. ಸುಡುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಸುಟ್ಟಿರುತ್ತದೆ. ಹೀಟಿಂಗ್ ಪ್ಯಾಡ್, ಬಿಸಿನೀರಿನ ಚೀಲ, ಬಿಸಿ ಒದ್ದೆಬಟ್ಟೆ, ಯಾವುದೂ ಬೇಡ. ಬಿಗಿಯಾಗಿ ಬ್ಯಾಂಡೇಜ್ ಸುತ್ತಿದರೂ, ಪ್ಲಾಸ್ಟಿಕ್ ಹೊದಿಸಿದರೂ ಇದೇ ಕಥೆ: ಆರಿಹೋಗಬೇಕಾದದ್ದು ಒಳಗೇ ಕುಳಿತು ಚರ್ಮ ತಿನ್ನುತ್ತದೆ.

ಬಿಸಿನೀರಿನ ಸ್ನಾನ ಆದ ಕೂಡಲೇ ಹಚ್ಚುವುದೂ ಬೇಡ, ಹಚ್ಚಿದ ಕೂಡಲೇ ಸ್ನಾನಕ್ಕೆ ಇಳಿಯುವುದೂ ಬೇಡ. ಭುಜಕ್ಕೆ ಹಚ್ಚಿಕೊಂಡು ಬಿಸಿನೀರಿಗೆ ನಿಂತರೆ ಕರಗಿದ ಮುಲಾಮು ಬೆನ್ನು, ಕಂಕುಳು ಎಂದು ಮೆತ್ತನೆಯ ಚರ್ಮದತ್ತ ಇಳಿಯುತ್ತದೆ. ಆಮೇಲೆ ಆಗುವ ಉರಿಗೆ ಅರ್ಧ ತಾಸು ಕುಣಿಯಬೇಕಾದೀತು. ಬೆವರು ಕಿತ್ತುಬರುವ ವ್ಯಾಯಾಮಕ್ಕೆ ಮುಂಚೆ ಹಚ್ಚುವವರಿಗೂ ಇದೇ ಮಾತು.

ಕೈ ತೊಳೆಯುವುದು ಚಿಕ್ಕ ವಿಷಯ ಎನ್ನಿಸುತ್ತದೆ, ಅದೇ ಬೆರಳು ಕಣ್ಣಿಗೆ ಹೋಗುವ ತನಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದಿಟ್ಟ ಮೇಲೆಯೇ ಮುಲಾಮು ಮುಟ್ಟುವುದು ಒಳ್ಳೆಯದು. ನೋವು ಬೆರಳಿನ ಗಂಟುಗಳಲ್ಲೇ ಇದ್ದರೆ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಬಹುದು, ಅಷ್ಟರಲ್ಲಿ ಮುಖ ಮುಟ್ಟದಿದ್ದರಾಯಿತು. ಕಣ್ಣಿಗೆ ತಾಗಿದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು.

ಸಾಮಾನ್ಯವಾಗಿ ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ. ಪಟ್ಟಿಯಾದರೆ ಎಷ್ಟು ಗಂಟೆ ಇಡಬೇಕೆಂದು ಪೊಟ್ಟಣದ ಮೇಲೆಯೇ ಇರುತ್ತದೆ, ಅಂಟಿಸಿಕೊಂಡು ಮರೆತು ಮಲಗಬಾರದು. ಒಂದು ಪಟ್ಟಿ ಇರುವಾಗ ಅದೇ ಜಾಗಕ್ಕೆ ಮುಲಾಮೂ ಬೇಡ. ಜೆಲ್, ಸ್ಪ್ರೇಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಆರುವವರೆಗೆ ಒಲೆ, ಬೆಂಕಿಕಡ್ಡಿ, ಸಿಗರೇಟಿನಿಂದ ದೂರ.

ಮಕ್ಕಳಿರುವ ಮನೆ

ಎರಡು ವರ್ಷದೊಳಗಿನ ಮಕ್ಕಳಿಗೆ ಮೆಂಥಾಲ್ ಬೇಡವೇ ಬೇಡ. ಅದರಲ್ಲೂ ಮೂಗಿನ ಹತ್ತಿರ ಹಚ್ಚಿದರೆ ಎಳೆಯ ಮಕ್ಕಳಲ್ಲಿ ಗಂಟಲಿನ ಸ್ನಾಯು ಬಿಗಿದುಕೊಂಡು ಉಸಿರು ಕಟ್ಟುವ ಅಪಾಯವಿದೆ. ಸ್ವಲ್ಪ ದೊಡ್ಡ ಮಕ್ಕಳಿಗೂ ಡಾಕ್ಟರನ್ನು ಕೇಳದೆ ನೋವಿನ ಮುಲಾಮು ಹಚ್ಚದಿರುವುದೇ ಕ್ಷೇಮ.

ಹಚ್ಚುವುದಕ್ಕಿಂತ ದೊಡ್ಡ ಗಂಡಾಂತರ ನುಂಗುವುದು. ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. 325 ಮಿಲಿಗ್ರಾಂನ ಇಪ್ಪತ್ತಕ್ಕೂ ಹೆಚ್ಚು ಮಾತ್ರೆ ಒಂದೇ ಗುಟುಕಿನಲ್ಲಿ ಹೋದ ಹಾಗೆ. ಪುಟ್ಟ ಮಗುವಿನ ಜೀವ ತೆಗೆಯಲು ಇಷ್ಟು ಸಾಕು. ಕರ್ಪೂರ ಹೊಟ್ಟೆಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಮಿಠಾಯಿಯಂತೆ ಘಮಘಮಿಸುವ ಡಬ್ಬಿಯನ್ನು ಹಾಸಿಗೆಯ ಪಕ್ಕ ತೆರೆದಿಡುವ ರೂಢಿ ಅದಕ್ಕೇ ಕೆಟ್ಟದ್ದು. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಬೇಕು.

ದೊಡ್ಡವರಲ್ಲಿ ಕೆಲವರು ಹಚ್ಚುವ ಮುಂಚೆಯೇ ಕೇಳಿಕೊಳ್ಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮೀಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮನ್ನು ಧಾರಾಳವಾಗಿ ತಿಕ್ಕಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಆಸ್ಪಿರಿನ್ ಆಗದವರಿಗೂ ಅದು ಆಗದು. ಬಸುರಿಯರು, ಹಾಲೂಡಿಸುವವರು ಕೇಳಿಯೇ ಬಳಸಬೇಕು, ಎದೆಯ ಭಾಗಕ್ಕಂತೂ ಹಚ್ಚಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ಸಂಗತಿ ಬೇರೆ: ಚರ್ಮ ಸುಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಅಂಥ ಪಾದಕ್ಕೆ ಈ ಮುಲಾಮು ಬೇಡ.

ಏಳು ದಿನದ ಗಡಿ

ಲೇಬಲ್‌ಗಳಲ್ಲಿ ಸಾಮಾನ್ಯವಾಗಿ ಬರೆದಿರುವ ಮಾತೊಂದಿದೆ: ಏಳು ದಿನ ಕಳೆದರೂ ನೋವು ಹೋಗದಿದ್ದರೆ, ಅಥವಾ ಹೋಗಿ ಮತ್ತೆ ಕೆಲವೇ ದಿನದಲ್ಲಿ ಬಂದರೆ, ನಿಲ್ಲಿಸಿ ಡಾಕ್ಟರನ್ನು ಕಾಣಿ. ಕಂಪನಿಯವರು ತಮ್ಮ ಕಡೆಯಿಂದ ಕೈ ತೊಳೆದುಕೊಳ್ಳಲು ಬರೆದದ್ದು ಎಂದು ಅದನ್ನು ಓದದೆ ಬಿಡುವವರೇ ಹೆಚ್ಚು. ಮೆಂಥಾಲ್ ನೋವಿನ ಸುದ್ದಿಯನ್ನು ಮಾತ್ರ ತಡೆಯುತ್ತದೆ ಎಂದ ಮೇಲೆ, ಒಳಗಿನ ಕಾರಣ ಬೆಳೆಯುತ್ತಿದ್ದರೂ ಮೇಲೆ ಹಾಯಾಗಿರಬಹುದು. ಸ್ನಾಯುವಿನ ಸಾಮಾನ್ಯ ನೋವು ಅಷ್ಟು ದಿನದಲ್ಲಿ ಇಳಿಮುಖವಾಗಿಯಾದರೂ ಇರಬೇಕು.

ಕೆಲವಕ್ಕೆ ಏಳು ದಿನವಲ್ಲ, ಒಂದು ದಿನವೂ ಕಾಯಬಾರದು. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹಬ್ಬಿದರೆ ಭುಜಕ್ಕೆ ಮುಲಾಮು ತಿಕ್ಕುತ್ತಾ ಕೂರುವ ಹೊತ್ತಲ್ಲ ಅದು. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅದನ್ನು ಗಟ್ಟಿಯಾಗಿ ನೀವುವುದೂ ಅಪಾಯ. ಸೊಂಟನೋವಿನ ಜೊತೆ ಕಾಲು ಸೋತುಬಂದರೆ, ತೊಡೆಯ ಸಂದು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ನರ ಒತ್ತಿಕೊಂಡಿದೆ ಎಂದೇ ಎಣಿಸಿ ತುರ್ತಾಗಿ ಹೊರಡಬೇಕು. ಜ್ವರದೊಂದಿಗೆ ಒಂದೇ ಕೀಲು ಊದಿ ಕಾದಿದ್ದರೆ ಸೋಂಕಿರಬಹುದು. ಬಿದ್ದ ಮೇಲೆ ಆ ಕಾಲಿನ ಮೇಲೆ ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ ಎಕ್ಸ್‌ರೇ ಆಗಲಿ, ಮುಲಾಮು ಆಮೇಲೆ.

ಡಾಕ್ಟರ ಬಳಿ ಹೋಗುವ ದಿನ ನೋಯುವ ಜಾಗಕ್ಕೆ ಏನನ್ನೂ ಹಚ್ಚದೆ ಹೋದರೆ ಒಳ್ಳೆಯದು. ಎಲ್ಲಿ ಒತ್ತಿದರೆ ಎಷ್ಟು ನೋವು ಎಂಬುದು ಅವರಿಗೂ ಸರಿಯಾಗಿ ಗೊತ್ತಾಗಬೇಕು, ನಿಮಗೂ. ಬಳಸುತ್ತಿದ್ದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳಿ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ ಹಚ್ಚಿದಿರಿ ಎಂಬುದನ್ನೂ ಹೇಳಿ. ‘ಯಾವುದೋ ಹಸಿರು ಮುಲಾಮು’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.